ಅರಸೀಕೆರೆಗೆ ಬಂದ ಉಗಿಬಂಡಿ

ಒಲೆಯ ಮೇಲೆ ನೀರು ಕುದಿಯುವಾಗ ಪಾತ್ರೆಯ ಮುಚ್ಚಳ ಮೇಲೇಳುವುದನ್ನು ಎಲ್ಲರೂ ಕಂಡಿದ್ದಾರೆ. ನೀರು ಉಗಿಯಾಗಿ ಮಾರ್ಪಟ್ಟಾಗ, ಹಿಂದೆ ಆಕ್ರಮಿಸಿದ್ದ ಸ್ಥಳಕ್ಕಿಂತ ಸುಮಾರು 1,600 ಪಟ್ಟು ಹೆಚ್ಚು ಸ್ಥಳವನ್ನು ಬೇಡುತ್ತದೆ. ಈ ಹಿಗ್ಗುವ ಬಲವನ್ನು ಕಬ್ಬಿಣದ ಕೊಳವೆಯಲ್ಲಿ ಬಂಧಿಸಿ ದುಡಿಸಿಕೊಳ್ಳುವುದೇ ಉಗಿಯಂತ್ರದ ಮರ್ಮ. ಉಗಿಯು ಕೊಳವೆಯೊಳಗಿನ ಪಿಸ್ಟನ್ನನ್ನು ಹಿಂದಕ್ಕೂ ಮುಂದಕ್ಕೂ ನೂಕುತ್ತದೆ. ಆ ಚಲನೆ ಸರಳುಗಳ ಮೂಲಕ ಸಾಗಿ ಚಕ್ರಗಳನ್ನು ತಿರುಗಿಸುತ್ತದೆ. ದುಡಿದು ಮುಗಿಸಿದ ಉಗಿಯು ಹೊಗೆಗೊಳವೆಯಿಂದ ರಭಸವಾಗಿ ಹೊರಬೀಳುವಾಗ ಆಗುವ ಸದ್ದೇ ಉಗಿಬಂಡಿಯ 'ಚುಕ್ ಚುಕ್' ನಾದ.

ಈ ಬಲವು ರೈಲುಹಳಿಗಿಂತ ಮೊದಲೇ ನದಿಗಳ ಮೇಲೆ ಜನರನ್ನು ಹೊತ್ತು ಸಾಗಿತು. 1807ರಲ್ಲಿ ಅಮೆರಿಕದ ರಾಬರ್ಟ್ ಫುಲ್ಟನ್ನನ ಉಗಿದೋಣಿಯು ಹಡ್ಸನ್ ನದಿಯಲ್ಲಿ ನ್ಯೂಯಾರ್ಕಿನಿಂದ ಆಲ್ಬನಿಯವರೆಗೆ ಸುಮಾರು 240 ಕಿಲೋಮೀಟರು ದೂರವನ್ನು 32 ಗಂಟೆಗಳಲ್ಲಿ ಕ್ರಮಿಸಿತು. 1834ರಲ್ಲಿ ಗಂಗಾನದಿಯಲ್ಲಿಯೂ ಉಗಿದೋಣಿಗಳ ಸಂಚಾರ ಮೊದಲಾಯಿತು. ಆದರೆ ಬೇಲೂರಿನ ಬಳಿ ಹರಿಯುವ ಯಗಚಿಗಾಗಲಿ, ಅದು ಹೋಗಿ ಸೇರುವ ಹೇಮಾವತಿಗಾಗಲಿ ಆ ಯೋಗ ಒದಗಲಿಲ್ಲ. ಮಳೆಗಾಲದಲ್ಲಿ ಉಕ್ಕಿ, ಬೇಸಗೆಯಲ್ಲಿ ಸೊರಗಿ, ಬಂಡೆಗಳ ನಡುವೆ ಸಾಗುವ ಈ ನದಿಗಳಲ್ಲಿ ಹರಿಗೋಲಿಗೆ ಎಡೆಯಿತ್ತೇ ಹೊರತು ಹಡಗಿಗೆ ಇರಲಿಲ್ಲ. ಆದುದರಿಂದ ಈ ಸೀಮೆಗೆ ಉಗಿಯು ನೆಲದ ಹಾದಿಯಲ್ಲಿಯೇ ಬರಬೇಕಾಯಿತು.

ಅದನ್ನು ಕರೆತಂದುದು ಒಂದು ಮಹಾ ವಿಪತ್ತು. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನವು ಭೀಕರ ಕ್ಷಾಮಕ್ಕೆ ತುತ್ತಾಯಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತಲೂ ಕೆಳಗಿಳಿದಿತ್ತು. ಬೆಂಗಳೂರಿಗೆ 1864ರಲ್ಲಿಯೇ ರೈಲುಮಾರ್ಗ ಬಂದಿದ್ದುದರಿಂದ ಹೊರಗಿನ ಧಾನ್ಯ ಅಲ್ಲಿಯವರೆಗೆ ತಲುಪುತ್ತಿತ್ತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ, ನೀರಿಲ್ಲದೆ ಎತ್ತುಗಳೇ ನೆಲಕ್ಕೊರಗುತ್ತಿದ್ದಾಗ ಗಾಡಿಗಳನ್ನು ಎಳೆಯುವವರಾರು? ಒಂದೆಡೆ ಧಾನ್ಯವಿದ್ದರೂ ಇನ್ನೊಂದೆಡೆ ಜನರು ಹಸಿವಿನಿಂದ ಸತ್ತರು.

ಈ ಕಹಿ ಅನುಭವದಿಂದ, ಬರಪೀಡಿತ ಸೀಮೆಗಳಿಗೆ ರೈಲುಮಾರ್ಗ ಬೇಕೆಂಬ ಅಭಿಪ್ರಾಯ ಬಲಗೊಂಡಿತು. 1882ರಲ್ಲಿ ಬೆಂಗಳೂರು-ಮೈಸೂರು ಮಾರ್ಗ ಪೂರ್ಣವಾಯಿತು. ವಾಯವ್ಯದ ಕಡೆಗೆ ಹೊರಟ ಮಾರ್ಗವು 1884ರಲ್ಲಿ ತುಮಕೂರನ್ನೂ, 1889ರಲ್ಲಿ ಅರಸೀಕೆರೆಯನ್ನು ಹಾಯ್ದು ಹರಿಹರವನ್ನೂ ಮುಟ್ಟಿತು. ಹಳಿಗಳ ನಡುವಣ ಅಂತರ ಒಂದು ಮೀಟರು. ಮುಂದೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಗೆ ಇನ್ನೊಂದು ಮಾರ್ಗವನ್ನು ನಿರ್ಮಿಸುವ ಕಾರ್ಯ ನಡೆಯಿತು. ಹೀಗೆ ಅರಸೀಕೆರೆಯು ಮಾರ್ಗಗಳು ಕೂಡುವ ಜಂಕ್ಷನ್ ಆಯಿತು.

ಸೀಮೆಯ ತೆಂಗು, ಕೊಬ್ಬರಿಗಳಿಗೆ ದೂರದ ಪೇಟೆಗಳು ಹತ್ತಿರವಾದವು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯವನ್ನೂ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನೂ ಕಾಣಬಯಸಿದ ದೂರದ ಯಾತ್ರಿಕರು, ರೈಲಿನಿಂದಿಳಿದು ರಸ್ತೆಯ ಹಾದಿ ಹಿಡಿಯುವ ಅನುಕೂಲ ದೊರೆಯಿತು. 2023ರಲ್ಲಿ ಈ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಆದರೆ ಹಳಿ ಹಾಕಿದ ಮಾತ್ರಕ್ಕೆ ಹಸಿವು ನೀಗುವುದಿಲ್ಲವೆಂಬುದನ್ನೂ ಅರಿಯಬೇಕು. ಧಾನ್ಯವನ್ನು ತರುವ ಬಂಡಿಯೇ ಅದನ್ನು ಹೆಚ್ಚಿನ ಬೆಲೆಯಿರುವೆಡೆಗೆ ಹೊತ್ತೊಯ್ಯಲೂ ಬಲ್ಲುದು. ಕೊಳ್ಳುವ ಶಕ್ತಿಯಿಲ್ಲದವನಿಗೆ ನಿಲ್ದಾಣದಲ್ಲಿರುವ ಮೂಟೆಯೂ ದೂರವೇ. ಯಂತ್ರವು ಹೊರೆಯನ್ನು ಹೊರುತ್ತದೆ. ಅದನ್ನು ಯಾರಿಗೆ ಮುಟ್ಟಿಸಬೇಕೆಂಬುದನ್ನು ನಿರ್ಧರಿಸುವವನು ಮನುಷ್ಯ.

ಚಿತ್ತರಂಜನ್ ಕಾರ್ಖಾನೆಯು 1972ರಲ್ಲಿ ಉಗಿ ಎಂಜಿನುಗಳ ತಯಾರಿಕೆಯನ್ನು ನಿಲ್ಲಿಸಿತು. 1990ರ ದಶಕದಲ್ಲಿ ಅರಸೀಕೆರೆಯ ಮೀಟರು ಹಳಿಗಳ ಸ್ಥಾನದಲ್ಲಿ ಅಗಲ ಹಳಿಗಳು ಬಂದವು. ಉಗಿಬಂಡಿ ಮರೆಯಾಯಿತು, ಊರಿನ ಹೆಸರು ಮಾತ್ರ ಅರಸಿಯ ಕೆರೆಯೊಂದನ್ನು ಇಂದಿಗೂ ನೆನಪಿಸುತ್ತಿದೆ. ಬರವನ್ನು ಎದುರಿಸಲು ಹಿಂದಿನವರು ಬಿದ್ದ ಮಳೆಯನ್ನು ಕೆರೆಯಲ್ಲಿ ಕೂಡಿಟ್ಟರು. ಮುಂದಿನವರು ಮಳೆ ಬಿದ್ದ ನಾಡಿನಿಂದ ಧಾನ್ಯವನ್ನು ತರುವ ದಾರಿಯನ್ನು ಕಟ್ಟಿದರು. ಒಂದು ನಾಡಿಗೆ ಎರಡೂ ಬೇಕು.