ವಂಶವಾಹಿಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ

ಮನುಷ್ಯನ ಜೀವಕೋಶದಲ್ಲಿ ಬಹುತೇಕ ವಂಶವಾಹಿಗಳಿಗೆ ಎರಡೆರಡು ಪ್ರತಿಗಳಿವೆ: ತಾಯಿಯಿಂದ ಒಂದು, ತಂದೆಯಿಂದ ಇನ್ನೊಂದು. ಆದರೆ ಈ ಲೆಕ್ಕ ಎಲ್ಲರಲ್ಲೂ ಸರಿಹೊಂದುವುದಿಲ್ಲ. ಡಿಎನ್‌ಎಯ ಯಾವುದೋ ತುಂಡು ಕೆಲವರಲ್ಲಿ ಇರುವುದೇ ಇಲ್ಲ; ಇನ್ನು ಕೆಲವರಲ್ಲಿ ಅದೇ ತುಂಡು ಹಲವು ಸಲ ಮರುಕಳಿಸಿರುತ್ತದೆ. ಇದೇ ಪ್ರತಿಸಂಖ್ಯಾ ವ್ಯತ್ಯಾಸ.

ಎಲ್ಲರೂ ಬಲ್ಲ ಉದಾಹರಣೆ ರಕ್ತದ ಗುಂಪಿನ ಪಾಸಿಟಿವ್, ನೆಗೆಟಿವ್. ಕೆಂಪು ರಕ್ತಕಣದ ಮೈಮೇಲಿನ ಆರ್‌ಎಚ್‌-ಡಿ ಪ್ರೋಟೀನಿನ ವಂಶವಾಹಿ 1ನೇ ವರ್ಣತಂತುವಿನಲ್ಲಿದೆ. ನೆಗೆಟಿವ್ ಗುಂಪಿನ ಬಹುಪಾಲು ಜನರಲ್ಲಿ ಅದು ಕೆಟ್ಟಿಲ್ಲ, ಎರಡೂ ವರ್ಣತಂತುಗಳಿಂದ ಇಡಿಯಾಗಿ ಕಳಚಿಹೋಗಿದೆ. ಅದರಿಂದ ಅವರ ಆರೋಗ್ಯಕ್ಕೇನೂ ಕುಂದಿಲ್ಲ. ತೊಡಕು ಬರುವುದು ನೆಗೆಟಿವ್ ತಾಯಿಯ ಹೊಟ್ಟೆಯಲ್ಲಿ ಪಾಸಿಟಿವ್ ಮಗು ಬೆಳೆದಾಗ. ಹೆರಿಗೆಯ ವೇಳೆ ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದರೆ ಆಕೆಯ ದೇಹ ಈ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸಬಹುದು. ಮುಂದಿನ ಬಸಿರಿನಲ್ಲಿ ಅವು ಮಗುವಿನ ರಕ್ತಕಣಗಳನ್ನು ನಾಶಮಾಡಬಲ್ಲವು. ಆಂಟಿ-ಡಿ ಚುಚ್ಚುಮದ್ದು ಕೊಡುವುದು ಇದನ್ನು ತಡೆಯಲೆಂದೇ.

ಈ ವಂಶವಾಹಿ ಕಳಚಿಕೊಂಡದ್ದಕ್ಕೆ ಕಾರಣ ಅದರ ಎರಡೂ ಬದಿಯಲ್ಲಿರುವ, ಹೆಚ್ಚುಕಡಿಮೆ ಒಂದೇ ತೆರನಾದ ಡಿಎನ್‌ಎ ಪಟ್ಟಿಗಳು. ಅಂಡಾಣು, ವೀರ್ಯಾಣು ರೂಪುಗೊಳ್ಳುವಾಗ ಜೋಡಿ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಒಂದರ ಎಡಪಟ್ಟಿ ಮತ್ತೊಂದರ ಬಲಪಟ್ಟಿಗೆ ತಪ್ಪಾಗಿ ಹೊಂದಿಕೊಂಡರೆ ಒಂದು ವರ್ಣತಂತು ನಡುವಿನ ತುಂಡನ್ನು ಕಳೆದುಕೊಳ್ಳುತ್ತದೆ, ಇನ್ನೊಂದಕ್ಕೆ ಅದು ಹೆಚ್ಚುವರಿಯಾಗಿ ಸೇರುತ್ತದೆ. ಹಣ್ಣುನೊಣಗಳಲ್ಲಿ ಇಂಥ ಅಸಮ ವಿನಿಮಯವನ್ನು ಆಲ್ಫ್ರೆಡ್ ಸ್ಟರ್ಟೆವಂಟ್ 1925ರಲ್ಲೇ ತೋರಿಸಿದ್ದರು.

ಪ್ರತಿಗಳು ಹೆಚ್ಚಿದ್ದಕ್ಕೆ ನಿದರ್ಶನ ಜೊಲ್ಲಿನಲ್ಲಿದೆ. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ವಂಶವಾಹಿ ಕೆಲವರಲ್ಲಿ ಎರಡೇ ಇದ್ದರೆ ಕೆಲವರಲ್ಲಿ ಹತ್ತನ್ನೂ ಮೀರುತ್ತದೆ. ಪ್ರತಿ ಹೆಚ್ಚಿದಷ್ಟೂ ಜೊಲ್ಲಿನಲ್ಲಿ ಕಿಣ್ವವೂ ಹೆಚ್ಚು. 2007ರ ಅಧ್ಯಯನವೊಂದರ ಪ್ರಕಾರ ಪಿಷ್ಟ ಹೆಚ್ಚಾಗಿ ತಿನ್ನುವ ಜಪಾನೀಯರು, ತಾಂಜಾನಿಯಾದ ಹಾಡ್ಜಾ ಜನರಲ್ಲಿ ಸರಾಸರಿ ಪ್ರತಿಸಂಖ್ಯೆ ಹೆಚ್ಚು. ಮಧ್ಯ ಆಫ್ರಿಕಾದ ಎಂಬುಟಿ, ಸೈಬೀರಿಯಾದ ಯಾಕೂತರಲ್ಲಿ ಕಡಿಮೆ. ಇದು ಸರಾಸರಿಯ ಮಾತು. ಪ್ರತಿ ಸಮುದಾಯದ ಒಳಗೂ ಏರಿಳಿತ ದೊಡ್ಡದಾದ್ದರಿಂದ ಒಬ್ಬರ ಊಟ ನೋಡಿ ಅವರ ವಂಶವಾಹಿಗಳನ್ನು ಎಣಿಸಲಾಗದು.

ಆಲ್ಫಾ ಥಲಸೀಮಿಯಾದಲ್ಲಿ ಎಣಿಕೆಯೇ ರೋಗದ ತೀವ್ರತೆಯನ್ನು ನಿರ್ಧರಿಸುತ್ತದೆ. ಹಿಮೋಗ್ಲೋಬಿನ್ನಿನ ಆಲ್ಫಾ ಎಳೆಗೆ 16ನೇ ವರ್ಣತಂತುವಿನ ಜೋಡಿಯಲ್ಲಿ ಒಟ್ಟು ನಾಲ್ಕು ವಂಶವಾಹಿಗಳಿವೆ. ಒಂದು ಕಳೆದರೆ ಗೊತ್ತೇ ಆಗುವುದಿಲ್ಲ. ಎರಡು ಕಳೆದರೆ ರಕ್ತಕಣಗಳು ಚಿಕ್ಕದಾಗಿ ಸೌಮ್ಯ ರಕ್ತಹೀನತೆ ಕಾಣುತ್ತದೆ. ಇದನ್ನು ಕಬ್ಬಿಣದ ಕೊರತೆಯೆಂದು ಬಗೆದು ಮಾತ್ರೆ ಕೊಟ್ಟರೆ ಗುಣವಿಲ್ಲ. ಮೂರು ಹೋದರೆ ಕಾಯಿಲೆ ಗಂಭೀರ, ನಾಲ್ಕೂ ಹೋದರೆ ಭ್ರೂಣ ಉಳಿಯುವುದು ತೀರ ಅಪರೂಪ. ಸೌಮ್ಯ ರೂಪ ತೀವ್ರ ಮಲೇರಿಯಾದಿಂದ ರಕ್ಷಣೆ ಕೊಡುತ್ತದೆ. ಮಲೇರಿಯಾ ಪೀಡಿತ ಪ್ರದೇಶಗಳಲ್ಲಿ, ಭಾರತದ ಹಲವು ಬುಡಕಟ್ಟುಗಳಲ್ಲಿಯೂ, ಈ ಲೋಪ ಹೆಚ್ಚಾಗಿ ಉಳಿದುಬಂದಿರುವುದು ಅದರಿಂದಲೇ.

ಇಂಥ ವ್ಯತ್ಯಾಸಗಳು ಆರೋಗ್ಯವಂತರಲ್ಲೂ ಸರ್ವೇಸಾಮಾನ್ಯ ಎಂಬುದು ಬೆಳಕಿಗೆ ಬಂದದ್ದು 2004ರಲ್ಲಿ. 2006ರಲ್ಲಿ 270 ಜನರ ಡಿಎನ್‌ಎ ಪರಿಶೀಲಿಸಿದ ತಂಡ, ಜೀನೋಮಿನ ಶೇ 12ರಷ್ಟು ಭಾಗದಲ್ಲಿ ಇವು ಇವೆಯೆಂದು ಅಂದಾಜಿಸಿತು. ನಂತರದ ಸೂಕ್ಷ್ಮ ಅಳತೆಗಳು ಆ ಅಂಕಿಯನ್ನು ತಗ್ಗಿಸಿದವು. ಇಂದು ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ ಕಾರಣ ಹುಡುಕಲು ಮೈಕ್ರೊಅರೇ ಪರೀಕ್ಷೆ ಬಳಕೆಯಲ್ಲಿದೆ. ತುಂಡೊಂದು ಹೆಚ್ಚೋ ಕಡಿಮೆಯೋ ಕಂಡುಬಂದರೆ ತಂದೆತಾಯಿಯ ರಕ್ತವನ್ನೂ ಪರೀಕ್ಷಿಸುತ್ತಾರೆ: ಅದೇ ಬದಲಾವಣೆ ಆರೋಗ್ಯವಂತ ತಂದೆಯಲ್ಲೋ ತಾಯಿಯಲ್ಲೋ ಇದ್ದರೆ ಅದೇ ಕಾರಣವೆಂಬ ಸಂಶಯ ತಗ್ಗುತ್ತದೆ, ಮಗುವಿನಲ್ಲೇ ಹೊಸದಾಗಿ ಮೂಡಿದ್ದರೆ ಹೆಚ್ಚುತ್ತದೆ.