ಬಾವಿಯ ನೀರು, ನೈಟ್ರೇಟು ಮತ್ತು ವಿದ್ಯುತ್ತು

ಬಾವಿಯ ನೀರು ತಿಳಿಯಾಗಿದ್ದು ಬಾಯಿಗೆ ರುಚಿಯಾಗಿದ್ದರೆ ಅದು ಕುಡಿಯಲು ಯೋಗ್ಯವೆಂದು ನಾವು ನಂಬುತ್ತೇವೆ. ಮನೆಯಲ್ಲಿ ಎಳೆಗೂಸಿದ್ದರೆ ನೀರನ್ನು ಕುದಿಸಿ ಆರಿಸಿ ಕೊಡುತ್ತೇವೆ. ಕುದಿಸುವುದರಿಂದ ರೋಗಾಣುಗಳು ಸಾಯುವುದು ನಿಜ. ಆದರೆ ನೀರಿನಲ್ಲಿ ಕರಗಿರುವ ನೈಟ್ರೇಟು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಟ್ಟೆಯಲ್ಲಿ ಸೋಸಿದರೆ ನಿಲ್ಲುವುದೂ ಇಲ್ಲ. ಇಂಥ ವಸ್ತುವನ್ನು ನೀರಿನಿಂದ ತೆಗೆಯುವ ಬಗೆ ಹೇಗೆ? ಅದಕ್ಕೆ ವಿದ್ಯುತ್ತು ಹೇಗೆ ನೆರವಾಗಬಲ್ಲದು? ಈ ಲೇಖನದಲ್ಲಿ ನೋಡೋಣ.

ನೈಟ್ರೇಟಿನಲ್ಲಿ ಒಂದು ಸಾರಜನಕ ಪರಮಾಣುವಿಗೆ ಮೂರು ಆಮ್ಲಜನಕ ಪರಮಾಣುಗಳು ಕೂಡಿಕೊಂಡಿವೆ. ಪೈರಿಗೆ ಇದು ಆಹಾರ. ಹೊಲಕ್ಕೆ ಚೆಲ್ಲಿದ ಯೂರಿಯಾ, ತಿಪ್ಪೆಯ ಗೊಬ್ಬರ, ಕೊಟ್ಟಿಗೆಯ ಗಂಜಲ, ಪಾಯಖಾನೆಯ ಗುಂಡಿ ಇವುಗಳಲ್ಲಿರುವ ಸಾರಜನಕವನ್ನು ಮಣ್ಣಿನ ಬ್ಯಾಕ್ಟೀರಿಯಗಳು ನೈಟ್ರೇಟನ್ನಾಗಿ ಮಾರ್ಪಡಿಸುತ್ತವೆ. ಬೇರುಗಳು ಹೀರಿ ಮಿಕ್ಕದ್ದು ಮಳೆನೀರಿನೊಡನೆ ಕೆಳಗಿಳಿದು ಬಾವಿಯನ್ನು ಸೇರುತ್ತದೆ. ನಮ್ಮ ದೇಶದ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟು ಇರಬಾರದು. ಕೇಂದ್ರ ಅಂತರ್ಜಲ ಮಂಡಳಿಯು 2024ರಲ್ಲಿ ಪ್ರಕಟಿಸಿದ ವರದಿಯಂತೆ ಕರ್ನಾಟಕದಲ್ಲಿ ಪರೀಕ್ಷಿಸಿದ ನೀರಿನ ಮಾದರಿಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಈ ಮಿತಿಯನ್ನು ಮೀರಿದ್ದವು. ನಾವು ವಾಸಿಸುವ ತಮಿಳುನಾಡಿನಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಭಾಷೆಗೆ ಗಡಿಯುಂಟು, ನೆಲದೊಳಗಿನ ನೀರಿಗೆ ಗಡಿಯಿಲ್ಲ.

ಇದರಿಂದ ಹೆಚ್ಚಿನ ಅಪಾಯ ಆರು ತಿಂಗಳೊಳಗಿನ ಶಿಶುಗಳಿಗೆ. ಶಿಶುವಿನ ಹೊಟ್ಟೆಯಲ್ಲಿ ನೈಟ್ರೇಟು ನೈಟ್ರೈಟಾಗಿ ಮಾರ್ಪಟ್ಟು ರಕ್ತದ ಹಿಮೋಗ್ಲೋಬಿನನ್ನು ಕೆಡಿಸುತ್ತದೆ. ಕೆಟ್ಟ ಹಿಮೋಗ್ಲೋಬಿನು ಆಮ್ಲಜನಕವನ್ನು ಹೊರಲಾರದು; ಮಗುವಿನ ತುಟಿ, ಮೈ ನೀಲಿಗಟ್ಟುತ್ತವೆ. ಇದಕ್ಕೆ ಬಾವಿ ನೀರಿನ ನೈಟ್ರೇಟೇ ಕಾರಣವೆಂದು ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಹಂಟರ್ ಕಾಮ್ಲಿ 1945ರಲ್ಲಿ ಬರೆದು ತಿಳಿಸಿದರು. ಅಲ್ಲಿ ಹೊಲಮನೆಗಳ ಬಾವಿ ನೀರಿನಲ್ಲಿ ಕದಡಿದ ಹಾಲನ್ನು ಶಿಶುಗಳಿಗೆ ಕುಡಿಸಿದ್ದರು.

ಜೋಳ ಬೆಳೆಯುವ ಆ ಅಯೋವಾದ ರಾಜಧಾನಿ ಡಿ ಮೋಯ್ನ್‌ನಲ್ಲಿ 1990ರ ದಶಕದ ಆರಂಭದಿಂದ ನದಿಯ ನೀರಿನ ನೈಟ್ರೇಟು ತೆಗೆಯುವ ದೊಡ್ಡ ಸ್ಥಾವರವೊಂದಿದೆ. ಅಲ್ಲಿ ವಿಶೇಷ ರಾಳದ ಮಣಿಗಳು ನೈಟ್ರೇಟನ್ನು ಹಿಡಿದುಕೊಳ್ಳುತ್ತವೆ. ಬಳಿಕ ಮಣಿಗಳನ್ನು ಉಪ್ಪುನೀರಿನಿಂದ ತೊಳೆಯುತ್ತಾರೆ. ಈಗ ಮನೆಮನೆಯಲ್ಲೂ ಕಾಣುವ ಆರ್.ಓ. ಯಂತ್ರವೂ ನೈಟ್ರೇಟನ್ನು ಬೇರ್ಪಡಿಸುತ್ತದೆ. ಆದರೆ ಬೇರ್ಪಟ್ಟ ನೈಟ್ರೇಟು ತೊಳೆದ ನೀರಿನಲ್ಲಿ ಹಾಗೆಯೇ ಉಳಿದಿರುತ್ತದೆ. ನಮ್ಮ ಅಂಗಳದ ಕಸವನ್ನು ನೆರೆಯವರ ಅಂಗಳಕ್ಕೆ ಗುಡಿಸಿದಂತಾಯಿತು. ಕಸವನ್ನೇ ಇಲ್ಲವಾಗಿಸಬೇಕಾದರೆ ನೈಟ್ರೇಟನ್ನು ಬೇರೆ ವಸ್ತುವನ್ನಾಗಿ ಮಾರ್ಪಡಿಸಬೇಕು.

ಇಲ್ಲಿ ವಿದ್ಯುತ್ತು ಒದಗುತ್ತದೆ. ನೀರಿನಲ್ಲಿ ಎರಡು ಫಲಕಗಳನ್ನಿಟ್ಟು ವಿದ್ಯುತ್ತು ಹರಿಸುವ ವಿದ್ಯುದ್ವಿಶ್ಲೇಷಣೆಯ ಪ್ರಯೋಗವನ್ನು ವಿದ್ಯಾರ್ಥಿಗಳು ಬಲ್ಲರು. ಋಣಫಲಕವು ಎಲೆಕ್ಟ್ರಾನುಗಳನ್ನು ಕೊಡುತ್ತದೆ. ಅವನ್ನು ಪಡೆದ ನೈಟ್ರೇಟು ತನ್ನ ಆಮ್ಲಜನಕವನ್ನು ಒಂದೊಂದಾಗಿ ಬಿಡುತ್ತದೆ. ಬಿಟ್ಟ ಆಮ್ಲಜನಕ ನೀರಾಗುತ್ತದೆ. ಒಂದು ನೈಟ್ರೇಟು ಐದು ಎಲೆಕ್ಟ್ರಾನುಗಳನ್ನು ಪಡೆದರೆ ಅದರ ಸಾರಜನಕವು ಗಾಳಿಯಲ್ಲಿರುವಂಥ ನಿರಪಾಯಕಾರಿ ಅನಿಲವಾಗುತ್ತದೆ. ಎಂಟನ್ನು ಪಡೆದರೆ ಅಮೋನಿಯ ಆಗುತ್ತದೆ. ಎರಡನ್ನೇ ಪಡೆದು ನಿಂತರೆ ನೈಟ್ರೈಟು. ಅದು ನೈಟ್ರೇಟಿಗಿಂತ ಕೆಟ್ಟದ್ದು.

ಎಲ್ಲಿ ನಿಲ್ಲಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಫಲಕದ ಮೇಲಿನ ಕ್ರಿಯಾವರ್ಧಕ. ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವೇ ಕ್ರಿಯಾವರ್ಧಕ. ತಾಮ್ರವು ನೈಟ್ರೇಟನ್ನು ನೈಟ್ರೈಟಾಗಿಸುವ ಮೊದಲ ಹೆಜ್ಜೆಯಲ್ಲಿ ಸಮರ್ಥ. ಪಲ್ಲಾಡಿಯಂ ಎಂಬ ಬೆಲೆಬಾಳುವ ಲೋಹವು ನೈಟ್ರೈಟಿನಿಂದ ಸಾರಜನಕದವರೆಗೆ ಒಯ್ಯಲು ನೆರವಾಗುತ್ತದೆ. ಆದುದರಿಂದ ಇವೆರಡನ್ನೂ ಕೂಡಿಸಿ ಬಳಸುವುದುಂಟು. ಅಮೋನಿಯ ಉಂಟಾದರೂ ಉಪಾಯವಿದೆ. ನೀರಿನಲ್ಲಿ ಉಪ್ಪಿನಂಶವಿದ್ದರೆ ಧನಫಲಕದಲ್ಲಿ ಕ್ಲೋರಿನ್ ಹುಟ್ಟಿ, ಅಮೋನಿಯವನ್ನು ಸಾರಜನಕವನ್ನಾಗಿಸುತ್ತದೆ. ಇಲ್ಲವೆ ಅಮೋನಿಯವನ್ನೇ ಸಂಗ್ರಹಿಸಿ ಗೊಬ್ಬರಕ್ಕೆ ಬಳಸಬಹುದು. ಹೊಲದಿಂದ ಸೋರಿಹೋದದ್ದು ಮತ್ತೆ ಹೊಲಕ್ಕೆ ಬಂದಂತಾಯಿತು.

ಹಾಗಾದರೆ ಇದು ಊರೂರಿಗೂ ಏಕೆ ಬಂದಿಲ್ಲ? ತೊಡಕುಗಳಿವೆ. ಕೊಟ್ಟ ವಿದ್ಯುತ್ತಿನಲ್ಲಿ ಒಂದು ಭಾಗ ನೀರನ್ನೇ ಒಡೆದು ಜಲಜನಕ ಹುಟ್ಟಿಸುವುದರಲ್ಲಿ ವ್ಯರ್ಥವಾಗುತ್ತದೆ. ನೀರಿನಲ್ಲಿ ಲವಣಗಳು ಕಡಿಮೆಯಿದ್ದರೆ ವಿದ್ಯುತ್ತು ಸರಾಗವಾಗಿ ಹರಿಯದು. ಗಡಸು ನೀರಾದರೆ ಋಣಫಲಕದ ಮೇಲೆ ಸುಣ್ಣದ ಹೊರೆ ಕಟ್ಟುತ್ತದೆ. ಆದುದರಿಂದ ಸಂಶೋಧಕರು ಅಗ್ಗದ, ಬಹುಕಾಲ ಬಾಳುವ ಕ್ರಿಯಾವರ್ಧಕಗಳನ್ನು ಹುಡುಕುತ್ತಿದ್ದಾರೆ. ಈ ವಿಧಾನವು ಇಂದಿಗೂ ಹೆಚ್ಚಾಗಿ ಪ್ರಯೋಗಶಾಲೆಗಳಲ್ಲೇ ಇದೆ.

ಅಲ್ಲಿಯವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ತಿಪ್ಪೆಯನ್ನೂ ಪಾಯಖಾನೆಯ ಗುಂಡಿಯನ್ನೂ ಬಾವಿಯಿಂದ ದೂರವಿಡೋಣ. ಪೈರಿಗೆ ಬೇಕಾದಷ್ಟೇ ಗೊಬ್ಬರವನ್ನು, ಬೇಕಾದ ಹೊತ್ತಿನಲ್ಲಿ, ಕಂತುಗಳಲ್ಲಿ ಹಾಕೋಣ. ಮನೆಯಲ್ಲಿ ಹಸುಗೂಸಿದ್ದರೆ ಬಾವಿಯ ನೀರನ್ನು ಪರೀಕ್ಷೆ ಮಾಡಿಸೋಣ. ನೈಟ್ರೇಟು ಮಿತಿಮೀರಿದ್ದರೆ ಆ ನೀರನ್ನು ಕುದಿಸಿಯೂ ಮಗುವಿಗೆ ಕೊಡಬಾರದು. ವಿದ್ಯಾರ್ಥಿಗಳೇ, ಈ ಒಂದು ಮಾತನ್ನು ಮನೆಯಲ್ಲಿ ಅಮ್ಮನಿಗೂ ಅಜ್ಜಿಗೂ ತಪ್ಪದೆ ತಿಳಿಸಿ. ಅಗ್ಗದ ಕ್ರಿಯಾವರ್ಧಕವನ್ನು ಕಂಡುಹಿಡಿಯುವ ಕೆಲಸ ಇನ್ನೂ ಬಾಕಿಯಿದೆ. ಅದಕ್ಕೆ ನಿಮ್ಮಲ್ಲಿ ಯಾರಾದರೂ ಕೈಹಾಕಿದರೆ ನಮಗೆ ಅದಕ್ಕಿಂತ ಹೆಚ್ಚಿನ ಸಂತೋಷವಿಲ್ಲ.