ಕಪಿಋಣ

ನಮ್ಮ ನುಡಿಯಲ್ಲಿ ಕೋತಿಗೆ ಮರ್ಯಾದೆ ಕಡಮೆ. ಬೆಲೆಬಾಳುವ ವಸ್ತುವನ್ನು ಅಯೋಗ್ಯನ ಕೈಯಲ್ಲಿ ಕಂಡರೆ ‘ಮಂಗನ ಕೈಯಲ್ಲಿ ಮಾಣಿಕ್ಯ’ ಎನ್ನುತ್ತೇವೆ. ಅವಿವೇಕದ ನಡೆಗೆಲ್ಲ ‘ಮಂಗಾಟ’ವೆಂದು ಹೆಸರಿಡುತ್ತೇವೆ. ಆದರೆ ಕಳೆದ ನೂರು ವರ್ಷಗಳ ವೈದ್ಯಶಾಸ್ತ್ರದ ಚರಿತ್ರೆಯನ್ನು ತೆರೆದು ನೋಡಿದರೆ, ಮಾಣಿಕ್ಯವನ್ನು ಕೊಟ್ಟುದು ಮಂಗ, ಕೈಯೊಡ್ಡಿ ಪಡೆದುದು ಮನುಷ್ಯ ಎಂಬುದು ವಿಶದವಾಗುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ‘ಆರ್‌ಎಚ್’ ಎಂಬುದು ರೀಸಸ್ ಎಂಬ ಕೋತಿಜಾತಿಯ ಹೆಸರಿನ ಮೊದಲ ಎರಡಕ್ಷರ. ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಎಂಬ ವಿಜ್ಞಾನಿಗಳು 1940ರಲ್ಲಿ ಪ್ರಕಟಿಸಿದ ಶೋಧಕ್ಕೆ ಆ ಜಾತಿಯ ರಕ್ತವನ್ನು ಬಳಸಿದ್ದರು.

ಈ ರೀಸಸ್ ಕೋತಿಯು ಉತ್ತರ ಭಾರತದ ಊರು, ಗುಡಿ, ರೈಲು ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ರಾಣಿ. ಸಾಲ್ಕನ ಪೋಲಿಯೊ ಲಸಿಕೆಯನ್ನು ತಯಾರಿಸಲು ಕೋತಿಯ ಮೂತ್ರಪಿಂಡದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಬೇಕಾಗಿತ್ತು. ಇದಕ್ಕಾಗಿ 1950ರ ದಶಕದ ಕೊನೆಯ ವೇಳೆಗೆ ಭಾರತದಿಂದ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಕೋತಿಗಳು ಹಡಗು ವಿಮಾನಗಳಲ್ಲಿ ಪರದೇಶಕ್ಕೆ ಹೋದವು. 1955ರ ಆದಿಯಲ್ಲಿ ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಸುಮಾರು ನಾನೂರು ಕೋತಿಗಳು ಉಸಿರುಗಟ್ಟಿ ಸತ್ತವು. ಆ ವರ್ಷ ನಮ್ಮ ಸರ್ಕಾರವು ಕೆಲಕಾಲ ರಫ್ತನ್ನು ತಡೆದು, ಬಳಿಕ ನಿಬಂಧನೆಗಳೊಡನೆ ಅನುಮತಿಯಿತ್ತಿತು. ಅಮೆರಿಕದ ಸೇನೆಯು ಈ ಕೋತಿಗಳನ್ನು ವಿಕಿರಣ ಪ್ರಯೋಗಗಳಿಗೆ ಬಳಸಿತೆಂಬ ಸುದ್ದಿ ಎದ್ದ ಮೇಲೆ, 1978ರಲ್ಲಿ ರಫ್ತು ಪೂರ್ಣವಾಗಿ ನಿಂತಿತು. ಪೋಲಿಯೊದಿಂದ ಕಾಲು ಸೋಲದೆ ಓಡಾಡಿದ ಮಕ್ಕಳ ಹಿಂದೆ, ಹೆಸರಿಲ್ಲದೆ ಹೋದ ಈ ಪಡೆಯೂ ಇದೆ.

ಇದೆಲ್ಲ ಮುಗಿದ ಕಥೆಯೆಂದು ತಿಳಿಯಲಾಗದು. ಕೊರೋನಾ ವ್ಯಾಧಿ ಹಬ್ಬಿದ 2020ರಲ್ಲಿ, ನಮ್ಮ ದೇಶದಲ್ಲೇ ಸಿದ್ಧವಾದ ಕೋವ್ಯಾಕ್ಸಿನ್ ಲಸಿಕೆಯನ್ನು ಇಪ್ಪತ್ತು ರೀಸಸ್ ಕೋತಿಗಳ ಮೇಲೆ ಪರೀಕ್ಷಿಸಲಾಯಿತು. ಅವಶ್ಯಕತೆ ಇರುವವರೆಗೆ ಪಂಜರವೂ ಇರುವುದು. ಆ ಪಂಜರದೊಳಗಿನ ಬದುಕು ಎಂತಹದಾಗಿರಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ದಯಾಳುಗಳಿಗಿಂತ ಹೆಚ್ಚಾಗಿ ಒಬ್ಬ ನಿಷ್ಠುರ ಪ್ರಯೋಗಶೀಲನೇ ಕೊಟ್ಟಿರುವುದು ವಿಚಿತ್ರ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹ್ಯಾರಿ ಹಾರ್ಲೋ ಎಂಬ ಮನಶ್ಶಾಸ್ತ್ರಜ್ಞನು ಕೋತಿಯ ಹಸುಗೂಸುಗಳನ್ನು ತಾಯಿಯಿಂದ ಅಗಲಿಸಿ, ಅವುಗಳ ಮುಂದೆ ಎರಡು ಕೃತಕ ತಾಯಿಯರನ್ನು ನಿಲ್ಲಿಸಿದನು. ಒಂದು ಬರಿಯ ತಂತಿಯದು, ಅದರಲ್ಲಿ ಹಾಲಿನ ಸೀಸೆ. ಇನ್ನೊಂದು ಮೆತ್ತನೆಯ ಬಟ್ಟೆ ಹೊದಿಸಿದುದು, ಅದರಲ್ಲಿ ಹಾಲಿಲ್ಲ. ಮರಿಗಳು ಹಸಿವಾದಾಗ ಹಾಲಿನ ಬಳಿಗೆ ಹೋಗಿ, ಮಿಕ್ಕ ವೇಳೆಯೆಲ್ಲ ಬಟ್ಟೆಯ ತಾಯಿಯನ್ನೇ ಅಪ್ಪಿಕೊಂಡಿದ್ದವು. 1958ರಲ್ಲಿ ಅವನು ಇದನ್ನು ಪ್ರಕಟಿಸಿದನು. ಮುಂದೆ ಹುಟ್ಟಿನಿಂದಲೇ ತಿಂಗಳುಗಟ್ಟಲೆ ಒಂಟಿಯಾಗಿ ಇರಿಸಿದ ಮರಿಗಳು ಮೂಲೆಯಲ್ಲಿ ಮುದುಡಿ ತೂಗಾಡಿದವು, ತಮ್ಮನ್ನು ತಾವೇ ಕಚ್ಚಿಕೊಂಡವು. ತಾಯಿಯಾದಾಗ ತಮ್ಮ ಕೂಸನ್ನು ಎತ್ತಿಕೊಳ್ಳಲೂ ಅರಿಯದೆ ಹೋದವು. ಕೋತಿಗೆ ಅನ್ನದಷ್ಟೇ ಸಂಗವೂ ಬೇಕೆಂಬುದು ಹೀಗೆ ಶಾಸ್ತ್ರಸಿದ್ಧವಾಯಿತು. ಅಂದ ಮೇಲೆ ಅದರ ಏಕಾಂತವೇದನೆಯನ್ನು ಕವಿಕಲ್ಪನೆಯೆಂದು ತಳ್ಳಿಹಾಕುವ ಅಧಿಕಾರ ಶಾಸ್ತ್ರಕ್ಕೆ ಉಳಿಯಲಿಲ್ಲ.

ಮರುವರ್ಷವೇ, 1959ರಲ್ಲಿ, ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಆಂಗ್ಲ ವಿದ್ವಾಂಸರು ಮೂರು ಸೂತ್ರಗಳನ್ನು ಮುಂದಿಟ್ಟರು. ಸಾಧ್ಯವಾದಲ್ಲಿ ಪ್ರಾಣಿಗೆ ಬದಲಾಗಿ ಬೇರೆ ಸಾಧನವನ್ನು ಬಳಸಬೇಕು. ಪ್ರಾಣಿಗಳ ಸಂಖ್ಯೆಯನ್ನು ಕಡಮೆ ಮಾಡಬೇಕು. ಬಳಸಲೇಬೇಕಾದಾಗ ನೋವು ಆದಷ್ಟು ತಗ್ಗುವಂತೆ ವಿಧಾನವನ್ನು ಸಂಸ್ಕರಿಸಬೇಕು. ನಮ್ಮ ದೇಶದಲ್ಲಿ ರುಕ್ಮಿಣೀದೇವಿ ಅರುಂಡೇಲರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯು, ಪ್ರಯೋಗಗಳ ಮೇಲ್ವಿಚಾರಣೆಗೆ ಸಮಿತಿಯೊಂದನ್ನು ರಚಿಸಲು ಅವಕಾಶವಿತ್ತಿತು. ಅಮೆರಿಕದಲ್ಲಿ 1985ರ ಕಾಯಿದೆಯು ವಾನರಗಳ ಮಾನಸಿಕ ಕ್ಷೇಮವನ್ನು ಕಾಪಾಡುವುದು ಪ್ರಯೋಗಶಾಲೆಗಳ ಕರ್ತವ್ಯವೆಂದು ವಿಧಿಸಿತು.

ಮಾಡಬೇಕಾದುದೇನು ಎಂಬುದು ಗುಟ್ಟಾಗಿ ಉಳಿದಿಲ್ಲ. ಒಂಟಿ ಪಂಜರಕ್ಕೆ ಬದಲಾಗಿ, ಹೊಂದಿಕೊಳ್ಳುವ ಜೊತೆಗಾರನೊಡನೆ ವಾಸ. ಅಪಾಯ ಕಂಡರೆ ಮೇಲೇರುವುದು ಅದರ ಸ್ವಭಾವವಾದುದರಿಂದ ಏರಿ ಕೂಡಲು ಎತ್ತರದ ಹಲಗೆ. ಆಹಾರವನ್ನು ತಟ್ಟೆಯಲ್ಲಿ ಸುರಿಯದೆ, ಹುಡುಕಿ ಬಿಡಿಸಿ ತಿನ್ನುವಂತೆ ಹುಲ್ಲಿನಲ್ಲೋ ಮರದ ತುಂಡಿನಲ್ಲೋ ಅಡಗಿಸಿಡುವುದು. ಹಿಂದೆ ರಕ್ತ ತೆಗೆಯಲು ಕೋತಿಯನ್ನು ಬಲಾತ್ಕಾರದಿಂದ ಅದುಮಿ ಹಿಡಿಯುವುದು ರೂಢಿಯಾಗಿತ್ತು. ಹಣ್ಣಿನ ಚೂರನ್ನಿತ್ತು ತಾಳ್ಮೆಯಿಂದ ಕಲಿಸಿದರೆ ಅದು ತಾನಾಗಿಯೇ ಕೈಯನ್ನು ಪಂಜರದಿಂದ ಹೊರಗೆ ಚಾಚುವುದು ಈಗ ಅನುಭವಸಿದ್ಧ. ಇದರಿಂದ ಶಾಸ್ತ್ರಕ್ಕೂ ಲಾಭವುಂಟು. ಭೀತಿಗೊಂಡ ದೇಹದಲ್ಲಿ ರಕ್ತದ ಗುಣವೂ ರೋಗನಿರೋಧದ ಶಕ್ತಿಯೂ ವ್ಯತ್ಯಾಸಗೊಳ್ಳುವುದರಿಂದ, ಅಂತಹ ದೇಹ ಹೇಳುವ ಸಾಕ್ಷ್ಯವನ್ನು ಪೂರ್ಣವಾಗಿ ನಂಬಲಾಗದು.

‘ಪಂಜರವನ್ನು ಹಿಗ್ಗಿಸಿದರೆ ಅದು ಕಾಡಾದೀತೆ? ಪ್ರಯೋಗವನ್ನೇ ನಿಲ್ಲಿಸಬಾರದೇಕೆ?’ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಯಲ್ಲಿ ತಿರುಳಿದೆ. ಚಿಂಪಾಂಜಿಗಳ ಮೇಲಣ ಪ್ರಯೋಗಕ್ಕೆ ನೆರವು ನೀಡುವುದನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 2015ರಲ್ಲಿ ಕೊನೆಗಾಣಿಸಿತು. ಅಸಾಧ್ಯವೆಂದು ತೋರಿದುದು ಹಾಗೆ ಸಾಧ್ಯವಾಯಿತು. ಉಳಿದ ಕೋತಿಗಳಿಗೂ ಅಂತಹ ದಿನ ಬರಲೆಂದು ಹಾರೈಸುವುದು ಯುಕ್ತವೇ. ಆದರೆ ಇಂದು ಪಂಜರದಲ್ಲಿರುವ ಕೋತಿಗೆ ಮುಂದಿನ ತಲೆಮಾರಿನ ನ್ಯಾಯದಿಂದ ಏನೂ ಒದಗದು. ಅದಕ್ಕೆ ಬೇಕಾದುದು ಈ ಹೊತ್ತಿನ ಜೊತೆಗಾರ, ಈ ಹೊತ್ತಿನ ಎತ್ತರದ ಹಲಗೆ, ಪ್ರಯೋಗ ಮುಗಿದ ಬಳಿಕ ಸಾಧ್ಯವಾದರೆ ಒಂದು ನೆಮ್ಮದಿಯ ನೆಲೆ.

ರಾಮನು ಕಪಿಸೇನೆಯ ಉಪಕಾರವನ್ನು ಮರೆಯಲಿಲ್ಲವೆಂಬುದು ನಮ್ಮ ಕಾವ್ಯಪರಂಪರೆಯ ನಂಬಿಕೆ. ಆ ಸೇನೆಯಾದರೋ ಒಲಿದು ಬಂದುದು. ಪ್ರಯೋಗಶಾಲೆಯ ಕಪಿಯು ಹಿಡಿದು ತಂದುದು ಅಥವಾ ಸೆರೆಯಲ್ಲೇ ಹುಟ್ಟಿದುದು. ಆದುದರಿಂದ ನಮ್ಮ ಋಣ ರಾಮನ ಋಣಕ್ಕಿಂತ ಭಾರವಾದುದು. ಪಂಜರದ ಸಂದಿನಿಂದ ನಂಬಿ ಚಾಚಿದ ಆ ಪುಟ್ಟ ಕೈಯನ್ನು ಹಿಡಿದು ಸೂಜಿ ಚುಚ್ಚುವವನೂ, ಆ ಸೂಜಿಯ ಫಲವನ್ನುಣ್ಣುವ ನಾವೂ ಅದರಲ್ಲಿ ಸಮಭಾಗಿಗಳು.